ಒತ್ತು ಬಿಟ್ಟುಹೋದ ಹೆಸರುಗಳು

ನಮ್ಮೂರಿನಲ್ಲಿ ಪುರಸಭೆಯ ದಾಖಲೆ ಹೇಗಿದೆಯೋ ಊರೂ ಹಾಗೆಯೇ ಇರುತ್ತದೆ. ನಾನು ಲಂಗ ತೊಡುತ್ತಿದ್ದ ಕಾಲದಲ್ಲಿ ಗುಮಾಸ್ತರೊಬ್ಬರು ಹಲಸಿನಮರದ ಬೀದಿ ಎಂದು ಬರೆಯಲು ಹೋಗಿ ಹೊಲಸಿನಮರದ ಬೀದಿ ಎಂದು ಬರೆದುಬಿಟ್ಟರು. ಅವತ್ತು ಮಧ್ಯಾಹ್ನದಿಂದಲೇ ಆ ಬೀದಿಯಲ್ಲಿ ಮೂಗು ಮುಚ್ಚದೆ ಓಡಾಡುವ ಹಾಗಿರಲಿಲ್ಲ. ಗುಮಾಸ್ತರು ಮಗಳ ಮದುವೆಗೆಂದು ರಜೆ ಹಾಕಿ ಹೋಗಿದ್ದರಿಂದ ತಿದ್ದುವುದು ತಡವಾಯಿತು. ಬೀದಿಯವರು ಮೂಗಿಗೆ ಸೆರಗು ಅಡ್ಡ ಹಿಡಿದು, ಬಾಗಿಲಿಗೆ ಊದಿನಕಡ್ಡಿ ಸಿಕ್ಕಿಸಿಕೊಂಡು ಕಾದರು. ಗುಮಾಸ್ತರು ಬಂದು ಆ ಒಂದು ಅಕ್ಷರ ತಿದ್ದಿದ ಮೇಲೆ ಮೊದಲಿನ ಹಾಗೆ ಹಲಸಿನ ಹಣ್ಣಿನ ವಾಸನೆ ಬಂತು. ಮದುವೆ ಚೆನ್ನಾಗಿ ಆಯಿತಾ ಎಂದು ಎಲ್ಲರೂ ಅವರನ್ನು ವಿಚಾರಿಸಿಕೊಂಡರು.

ಆಮೇಲೆ ಪುಸ್ತಕಗಳು ಹೋಗಿ ಕಂಪ್ಯೂಟರ್ ಬಂತು. ಅದರ ಹಿಂದೆಯೇ ನಾನು ಬಂದೆ. ಮೆಟ್ಟಿಲ ಕೆಳಗೆ, ಹಿಂದೆ ಬ್ಲೀಚಿಂಗ್ ಪುಡಿಯ ಮೂಟೆ ಇಡುತ್ತಿದ್ದ ಕೋಣೆಯಲ್ಲಿ ನನಗೊಂದು ಕುರ್ಚಿ ಹಾಕಿಕೊಟ್ಟರು. ಯಂತ್ರ ಕೆಡದಂತೆ ನೋಡಿಕೊಳ್ಳುವುದು, ತಪ್ಪಿದ ಅಕ್ಷರ ತಿದ್ದುವುದು ನನ್ನ ಕೆಲಸ. ಹೊಸದಾಗಿ ಏನು ಬರೆಯಬೇಕಾದರೂ ಸಭೆಯ ಠರಾವು ಬೇಕು. ಠರಾವಿಲ್ಲದೆ ಬರೆದದ್ದು ಪರದೆಯ ಮೇಲೆ ನಿಲ್ಲುವುದಿಲ್ಲ. ಇನ್ನು ನಮ್ಮೂರಿನಲ್ಲಿ ಯಾರ ಕೆಲಸವೆಂದು ಬರೆದಿದೆಯೋ ಅವರು ಮಾಡಿದರಷ್ಟೇ ಆಗುವುದು. ನೀರುಗಂಟಿಯಲ್ಲದವರು ವಾಲ್ವ್ ತಿರುಗಿಸಿದರೆ ನಲ್ಲಿಯಲ್ಲಿ ಬರೀ ಗಾಳಿ ಬರುತ್ತದೆ.

ಕೆಲಸವೇನೋ ಕೊಟ್ಟರು, ಸಂಬಳ ಕೊಡುವುದಕ್ಕೆ ಹೆಡ್ಡು, ಅಂದರೆ ಖರ್ಚಿನ ಶೀರ್ಷಿಕೆ, ಇರಲಿಲ್ಲ. ಪುರಸಭೆಯಲ್ಲಿ ಒಂದು ಸೂಜಿ ತಂದರೂ ಬಜೆಟ್ಟಿನ ಯಾವುದಾದರೂ ಒಂದು ಹೆಡ್ಡಿನ ಕೆಳಗೆ ತೋರಿಸಬೇಕು. ಕಂಪ್ಯೂಟರಿಗೆ ಅಂಥದ್ದೊಂದು ಇರಲೇ ಇಲ್ಲ. ಲೆಕ್ಕದ ವಿಭಾಗದ ವೀರಭದ್ರಯ್ಯನವರು ತಲೆ ಕೆರೆದುಕೊಂಡು ಮೊದಲು ನನ್ನನ್ನು ಬೀದಿನಾಯಿ ನಿಯಂತ್ರಣದ ಹೆಡ್ಡಿಗೆ ಹಾಕಿದರು. ಆಗ ನಾನು ರಸ್ತೆಗೆ ಇಳಿದರೆ ಸಾಕು, ನಾಯಿಗಳೆಲ್ಲ ಬಾಲ ಮುದುರಿಕೊಂಡು ಅಂಗಡಿಗಳ ಸಂದಿ ಸೇರುತ್ತಿದ್ದವು. ನನಗೆ ನಾಯಿ ಕಂಡರೆ ಇಷ್ಟ, ಬೇಜಾರಾಗುತ್ತಿತ್ತು. ಆಮೇಲೆ ಬೀದಿದೀಪ ನಿರ್ವಹಣೆಗೆ ಹಾಕಿದರು. ಕತ್ತಲಾಗುತ್ತಿದ್ದಂತೆ ನನ್ನ ಬೆರಳ ತುದಿಗಳು ಮಂಕಾಗಿ ಬೆಳಗತೊಡಗಿದವು. ಕರೆಂಟು ಹೋದರೆ ನನ್ನ ಅವ್ವ ಮೊರ ಹಿಡಿದುಕೊಂಡು ಕೂಗುತ್ತಿದ್ದಳು: "ಕುಸ್ಮಾ, ವಸಿ ಕೈ ಹಿಡಿ ಇಲ್ಲಿ, ಅಕ್ಕೀಲಿ ಕಲ್ಲೇ ಕಾಣ್ತಿಲ್ಲ."

ಈ ಕೆಲಸದ ಕಷ್ಟ ಎಂಥದ್ದೆಂದರೆ, ಚೆನ್ನಾಗಿ ಮಾಡಿದರೆ ಮಾಡಿದ್ದು ಕಾಣುವುದಿಲ್ಲ. ಚರಂಡಿ ಕಟ್ಟಿಕೊಂಡರೆ ಊರಿಗೇ ಗೊತ್ತಾಗುತ್ತದೆ, ತೆಗೆದವನನ್ನೂ ಊರು ನೋಡುತ್ತದೆ. ನಾನು ದಿನವಿಡೀ ಕೂತು ಯಾರ ಹೆಸರಿನ ಯಾವ ಅಕ್ಷರವೂ ಆಚೀಚೆ ಆಗದಂತೆ ಕಾದರೆ, ಮೆಟ್ಟಿಲು ಹತ್ತುವವರು ಬಗ್ಗಿ ನೋಡಿ, ಏನಮ್ಮ, ಆರಾಮಾಗಿ ಫ್ಯಾನಿನ ಕೆಳಗೆ ಕೂತಿದೀಯ ಎನ್ನುತ್ತಿದ್ದರು. ಅಧ್ಯಕ್ಷರಾದ ಉಮಾಪತಿಯವರು ಬಜೆಟ್ ಸಭೆಯಲ್ಲಿ ಅದನ್ನೇ ಎತ್ತಿದರು. ಅವರು ಕೆಟ್ಟವರಲ್ಲ. ಆದರೆ ತಮ್ಮ ಕಣ್ಣಿಗೆ ಬೀಳದ್ದು ಊರಿನಲ್ಲಿ ಇಲ್ಲವೆಂದು ನಂಬಿದವರು.

"ಅಲ್ರೀ, ಒಂದು ವರ್ಷದಿಂದ ಕಂಪ್ಯೂಟರ್ ಒಂದಿನಾನೂ ಕೆಟ್ಟಿಲ್ಲ. ಹಂಗಿದ್ಮೇಲೆ ರಿಪೇರಿಗೆ ಅಂತ ಒಬ್ಬರನ್ನ ಯಾಕ್ರೀ ಇಟ್ಕೋಬೇಕು?" ಎಂದರು.

ವೀರಭದ್ರಯ್ಯನವರು ಎದ್ದು ನಿಂತು, "ಅವ್ರು ಇರೋದ್ರಿಂದ್ಲೇ ಕೆಟ್ಟಿಲ್ಲ ಸಾರ್" ಎಂದರು.

"ಹಂಗಂತ ಯಾರು ಹೇಳಿದ್ದು?"

"ಅವ್ರೇ ಹೇಳಿದ್ದು ಸಾರ್."

ಸಭೆಯೆಲ್ಲ ನಕ್ಕಿತು. ಬಾಗಿಲ ಹೊರಗೆ ನಿಂತಿದ್ದ ನನಗೂ ನಗು ಬಂತು. ಊರಾಚೆಯ ಒಂದು ಕಂಪನಿ ನನ್ನ ಸಂಬಳಕ್ಕಿಂತ ಕಡಿಮೆಗೆ ಎಲ್ಲವನ್ನೂ ಕೂತಲ್ಲಿಂದಲೇ ನೋಡಿಕೊಳ್ಳುತ್ತೇನೆಂದು ಬರೆದುಕೊಟ್ಟಿತ್ತು. ನನಗಾಗಿ ಇಷ್ಟು ವರ್ಷ ಹುಟ್ಟದ ಗಣಕ ನಿರ್ವಹಣೆ ಎಂಬ ಹೆಡ್ಡು ಅವತ್ತು ಒಂದೇ ಬೆಳಿಗ್ಗೆಯಲ್ಲಿ ಹುಟ್ಟಿತು, ಅದರಲ್ಲಿದ್ದಷ್ಟೂ ಹಣವನ್ನು ಮೂರು ವರ್ಷದ ಕರಾರಿನ ಮೇಲೆ ಕಂಪನಿಗೆ ಕೊಟ್ಟರು. ನನಗೊಂದು ಹಾರ ಹಾಕಿ ಕಳಿಸಿದರು. ಅವತ್ತು ಸಂಜೆ ಬೆರಳುಗಳು ಕಪ್ಪಗೇ ಉಳಿದವು.

ಮನೆಯಲ್ಲಿ ನಾನು, ಅವ್ವ ಇಬ್ಬರೇ. ಅವ್ವನ ಹೆಸರು ಬೊಮ್ಮಕ್ಕ. ಜಗುಲಿಯ ಮೇಲೆ ಒತ್ತುಶಾವಿಗೆ ಮಾಡಿ ಮಾರುವವಳು. ಅಕ್ಕಿಹಿಟ್ಟಿನ ಉಂಡೆ ಬೇಯಿಸಿ, ಬಿಸಿ ಇರುವಾಗಲೇ ಮರದ ಒರಳಿಗೆ ಹಾಕಿ, ಮೇಲಿನ ಉದ್ದನೆಯ ಹಿಡಿಯನ್ನು ಮೈಭಾರ ಬಿಟ್ಟು ಒತ್ತಿದರೆ ಕೆಳಗೆ ಬಿಳಿ ಎಳೆಗಳು ಇಳಿಯುತ್ತವೆ. ಉಂಡೆ ಆರಿದರೆ ದೇವರೇ ಬಂದು ಒತ್ತಿದರೂ ಇಳಿಯುವುದಿಲ್ಲ ಎಂದು ಅವ್ವ ಹೇಳುತ್ತಿದ್ದಳು. ಅವಳೇನೂ ದಪ್ಪ ಹೆಂಗಸಲ್ಲ, ಆದರೆ ಒತ್ತುವಾಗ ಎಲ್ಲಿಂದಲೋ ಭಾರ ತರುತ್ತಿದ್ದಳು. ನನ್ನ ಕೆಲಸ ಹೋದ ಮಾರನೆಯ ದಿನದಿಂದ ನನ್ನನ್ನು ತೆಂಗಿನಕಾಯಿ ತುರಿಯಲು ಕೂರಿಸಿದಳು.

ಕಂಪನಿ ಬಂದ ಮೇಲೆ ಮೊದಲು ಮಾಡಿದ್ದು ಅಕ್ಷರ ಬದಲಾಯಿಸುವ ಕೆಲಸ. ನಮ್ಮ ಯಂತ್ರದಲ್ಲಿದ್ದದ್ದು ಹಳೆಯ ಫಾಂಟು, ಅವರ ಯಂತ್ರಕ್ಕೆ ಅದು ಓದಲು ಬರುವುದಿಲ್ಲ. ಜನರ ಹೆಸರುಗಳನ್ನೆಲ್ಲ ಒಟ್ಟಿಗೆ ಎತ್ತಿ ಹೊಸ ಫಾಂಟಿಗೆ ಸುರಿದರು. ಹೀಗೆ ಸುರಿಯುವಾಗ ಕನ್ನಡದಲ್ಲಿ ಮೊದಲು ಉದುರುವುದು ಕೆಳಗೆ ನೇತಾಡುವ ಒತ್ತಕ್ಷರಗಳು. ಅದಕ್ಕೇ ನಾನು ಬಹಳ ವರ್ಷ ಆ ಕೆಲಸಕ್ಕೆ ಕೈ ಹಾಕಿರಲಿಲ್ಲ, ಹಾಕಿದ್ದರೂ ಒಂದೊಂದೇ ಹೆಸರನ್ನು ಕೈಯಲ್ಲಿ ಹಿಡಿದು ದಾಟಿಸುತ್ತಿದ್ದೆ. ಕಂಪನಿಯವರು ಊಟಕ್ಕೆ ಹೋಗುವ ಮೊದಲು ಗುಂಡಿ ಒತ್ತಿ, ಬಂದ ಮೇಲೆ ಮುಗಿಯಿತು ಎಂದು ಪತ್ರ ಕಳಿಸಿದರು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಮೊದಲು ಕಂಡದ್ದು ನಮ್ಮ ಜಗುಲಿಯಲ್ಲೇ. ಬೆಳಿಗ್ಗೆ ಗಿರಾಕಿಗಳು ಕಾಯುತ್ತಿದ್ದರು. ಅವ್ವ ಉಂಡೆ ಹಾಕಿ ಹಿಡಿಯ ಮೇಲೆ ಬಾಗಿದಳು. ಹಿಡಿ ಇಳಿಯಲಿಲ್ಲ. ಇನ್ನಷ್ಟು ಬಾಗಿದಳು. ಅವಳ ಕಾಲುಗಳೇ ನೆಲ ಬಿಟ್ಟು ಮೇಲೆದ್ದು, ಹಗ್ಗಕ್ಕೆ ಹಾಕಿದ ಸೀರೆಯ ಹಾಗೆ ಹಿಡಿಯ ಮೇಲೆ ಅಡ್ಡಡ್ಡ ಜೋತುಬಿದ್ದಳು.

"ಇದೇನೇ ಇದು, ಒರಳಿಗೆ ದೆವ್ವ ಮೆಟ್ಕೊಂಡೈತಾ?" ಎಂದಳು.

ನಾನು ಹೋಗಿ ಇಳಿಸಲೆಂದು ಸೊಂಟಕ್ಕೆ ಕೈ ಹಾಕಿದೆ. ಖಾಲಿ ಬುಟ್ಟಿ ಎತ್ತಿದ ಹಾಗೆ ಬಂದಳು. ಕೆಳಗಿಟ್ಟರೆ ಅವಳ ಅಂಗಾಲು ನೆಲಕ್ಕೆ ತಾಗಿಯೂ ತಾಗದ ಹಾಗಿತ್ತು. ಗಿರಾಕಿಗಳಲ್ಲಿ ಇಬ್ಬರು ಮುದುಕರು ಆಗಲೇ ಜಗುಲಿಯ ಕಂಬ ಹಿಡಿದುಕೊಂಡಿದ್ದರು. ಅವರಲ್ಲೊಬ್ಬರಾದ ಪಾಪಣ್ಣ ಮೇಷ್ಟ್ರು, "ನಂಗೂ ಬೆಳಿಗ್ಗೆಯಿಂದ ಹಿಂಗೇ ಆಗ್ತಿದೆ ಕಣಮ್ಮ, ಪಿತ್ತ ಇರ್ಬೋದು ಅನ್ಕೊಂಡೆ" ಎಂದರು.

ಪಾಪಣ್ಣ, ಬೊಮ್ಮಕ್ಕ. ಆ ಎರಡು ಹೆಸರನ್ನು ಮನಸ್ಸಿನಲ್ಲಿ ಅಕ್ಕಪಕ್ಕ ಇಟ್ಟ ತಕ್ಷಣ ನನಗೆ ಏನಾಗಿದೆಯೆಂದು ತಿಳಿಯಿತು. ಹೆಸರಿನ ಒತ್ತು ಹೋಗಿತ್ತು, ಅದರ ಜೊತೆಗೇ ಮೈಯ ಒತ್ತೂ ಹೋಗಿತ್ತು. ಅವ್ವನ ಹೆಸರಿನಲ್ಲಿ ಎರಡು ಒತ್ತು. ಬೊಮಕ ಎಂದು ಉಳಿದವಳು ಪಾಪಣ ಮೇಷ್ಟ್ರಿಗಿಂತ ಇನ್ನೂ ಹಗುರ.

ಮಧ್ಯಾಹ್ನದೊಳಗೆ ಊರೆಲ್ಲ ಹೀಗೇ ಆಯಿತು. ಅಪ್ಪ, ಅಮ್ಮ, ಅಣ್ಣ, ಅಕ್ಕ, ಅಯ್ಯ ಎಂದು ಹೆಸರು ಮುಗಿಯುವವರೆಲ್ಲ ಹಗುರಾದರು. ಅಂದರೆ ಊರಿನ ಹಿರಿಯರೆಲ್ಲ. ಮೊಮ್ಮಕ್ಕಳಿಗೆ ಏನೂ ಆಗಲಿಲ್ಲ, ಅವರ ಹೆಸರೆಲ್ಲ ರೋಹನ್, ನಿಶಾ, ಅನು. ನಾನು ಕುಸುಮ, ಉಳಿದುಕೊಂಡೆ. ಅಧ್ಯಕ್ಷರು ಉಮಾಪತಿ, ಅವರೂ ಉಳಿದುಕೊಂಡರು. ತಮಗೇ ಆಗದ್ದು ಅವರ ಕಣ್ಣಿಗೆ ಬೀಳುವುದಿಲ್ಲ, ಅಲ್ಲಿಗೆ ಅರ್ಧ ಕೆಲಸ ಕೆಟ್ಟಿತು ಎಂದುಕೊಂಡೆ.

ಜನ ಹೊಂದಿಕೊಂಡರು. ನಮ್ಮ ಜನಕ್ಕೆ ಹೊಂದಿಕೊಳ್ಳುವುದು ಉಸಿರಾಡಿದಷ್ಟು ಸುಲಭ. ಮುದುಕರು ಅಂಗಿಯ ಜೇಬಿಗೆ ಜಲ್ಲಿ ತುಂಬಿಕೊಂಡು ಓಡಾಡಿದರು, ಹೆಂಗಸರು ಮಡಿಲಿಗೆ ತೂಕದ ಬಟ್ಟು ಕಟ್ಟಿಕೊಂಡರು. ಪಾತ್ರೆ ಅಂಗಡಿಯಲ್ಲಿ ಹಿತ್ತಾಳೆ ಕುಟ್ಟಾಣಿಗಳು ಖಾಲಿಯಾದವು. ಯಾರಿಗಾದರೂ ಕೊಬ್ಬು ಬಂದರೆ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ ಎನ್ನುತ್ತಿದ್ದ ಊರಿನಲ್ಲಿ ಆ ಮಾತನ್ನು ಯಾರೂ ಆಡದಾದರು. ಕಲ್ಲಪ್ಪ ಎನ್ನುವವರು ಕೆರೆ ಏರಿಯ ಮೇಲೆ ಗಾಳಿಯ ಒಂದು ಸಣ್ಣ ಬೀಸಿಗೆ ಎದ್ದು ಹೋಗಿ ಅರಳಿಮರದ ಕೊಂಬೆಗೆ ಸಿಕ್ಕಿಕೊಂಡರು. ಅವರನ್ನು ದೋಟಿಯಲ್ಲಿ ಇಳಿಸಿಕೊಂಡು ಬಂದ ಮೇಲೆ ಅವರ ಸೊಸೆ, ಮಾವನವರ ಹೆಸರು ಕೇಳಿದರೆ ನಗು ಬರುತ್ತೆ ಎಂದು ಹೇಳಿ ಅತ್ತುಬಿಟ್ಟಳು.

ನನಗೆ ನಗು ಬರುವುದು ನಿಂತುಹೋಗಿತ್ತು. ಜ್ಯೇಷ್ಠ ಮುಗಿಯುತ್ತ ಬಂದಿತ್ತು. ಆಷಾಢದ ಗಾಳಿ ನಮ್ಮೂರಿನಲ್ಲಿ ಹೇಗೆ ಬೀಸುತ್ತದೆಂದು ಹೇಳಿದರೆ ಪರ ಊರಿನವರು ನಂಬುವುದಿಲ್ಲ. ಭಾರ ಇರುವವರೇ ಗೋಡೆ ಹಿಡಿದು ನಡೆಯಬೇಕು. ನಾನು ಅವ್ವನ ಸೊಂಟಕ್ಕೆ ಒಂದು ಹಗ್ಗ ಬಿಗಿದು ಜಗುಲಿಯ ಕಂಬಕ್ಕೆ ಕಟ್ಟಿದೆ. ಅವಳು ಬೈದಳು, ಬಿಚ್ಚಲಿಲ್ಲ. ಒತ್ತುವ ಕೆಲಸ ನಾನು ಮಾಡತೊಡಗಿದೆ, ಎಳೆಗಳು ದಪ್ಪ ದಪ್ಪ ಬಂದವು. ಅವಳು ಹಗ್ಗದ ತುದಿಯಲ್ಲಿ ತೇಲುತ್ತ, "ಆರೋಯ್ತು ಉಂಡೆ, ಬಿರ್ರನೆ ಒತ್ತು, ಸಂಬ್ಳಕ್ಕೆ ಬಂದೋಳಂಗೆ ಮಾಡ್ಬ್ಯಾಡ" ಎಂದು ಗದರುತ್ತಿದ್ದಳು.

ಪುರಸಭೆಗೆ ಹೋದೆ. ವೀರಭದ್ರಯ್ಯನವರು ತಮ್ಮನ್ನು ತಾವೇ ಹೆಗಲ ಮೇಲಿನ ವಲ್ಲಿಯಿಂದ ಕುರ್ಚಿಗೆ ಕಟ್ಟಿಕೊಂಡು ಕೂತಿದ್ದರು. ಅವರ ಹೆಸರಿನಲ್ಲೂ ಎರಡು ಹೋಗಿತ್ತು. ನನ್ನನ್ನು ನೋಡಿದ್ದೇ ಮುಖ ಅರಳಿತು. ಮೆಟ್ಟಿಲ ಕೆಳಗಿನ ಕೋಣೆಯ ಬೀಗ ತೆಗೆಸಿ ನನ್ನನ್ನು ಕೂರಿಸಿದರು. ನಾನು ಬೊಮಕ ಎಂಬ ಹೆಸರನ್ನು ಹುಡುಕಿ ಮ-ಒತ್ತು, ಕ-ಒತ್ತು ಹಚ್ಚಿದೆ. ಕೈ ತೆಗೆಯುವುದರೊಳಗೆ ಅವು ಒದ್ದೆ ಗೋಡೆಗೆ ಅಂಟಿಸಿದ ಕಾಗದದಂತೆ ಉದುರಿಹೋದವು. ನಾನೀಗ ಪುರಸಭೆಯ ಯಾರೂ ಅಲ್ಲ. ಕೆಲಸ ಕಂಪನಿಯದು ಎಂದು ಬರೆದಾಗಿತ್ತು.

ಅಲ್ಲಿಂದಲೇ ಕಂಪನಿಗೆ ಫೋನ್ ಹಚ್ಚಿದೆವು. ಒಬ್ಬ ಹುಡುಗ ಬಹಳ ನಯವಾಗಿ ಮಾತಾಡಿದ. "ಮೇಡಂ, ನಮ್ಮ ಸ್ಕ್ರೀನಲ್ಲಿ ಎಲ್ಲಾ ಹೆಸರೂ ಸರಿಯಾಗೇ ಕಾಣಿಸ್ತಾ ಇದೆ" ಎಂದ.

"ನಿಮ್ಮಲ್ಲಿ ಕಂಡ್ರೆ ಏನಪ್ಪಾ ಬಂತು, ನಮ್ಮಲ್ಲಿ ಜನ ಹಾರ್ತಾ ಇದಾರೆ" ಎಂದೆ.

"ಅದಕ್ಕೆ ಬೇರೆ ಕಂಪ್ಲೇಂಟ್ ಟಿಕೆಟ್ ಹಾಕ್ಬೇಕಾಗುತ್ತೆ ಮೇಡಂ. ಇನ್ನೊಂದು ವಿಷಯ, ಪ್ರತಿ ಸೋಮವಾರ ನಮ್ಮ ಕಡೆಯ ಕಾಪಿ ನಿಮ್ಮ ಸಿಸ್ಟಂ ಮೇಲೆ ಬಂದು ಕೂರುತ್ತೆ. ನೀವು ಲೋಕಲ್ಲಾಗಿ ಏನೇ ಚೇಂಜ್ ಮಾಡಿದ್ರೂ ಉಳಿಯಲ್ಲ, ತಿಳಿದಿರ್ಲಿ ಅಂತ."

ಅವನ ಮೇಲೆ ಸಿಟ್ಟು ಬರಲಿಲ್ಲ. ಅವನ ಊರಿನಲ್ಲಿ ಅಕ್ಷರವೆಂದರೆ ಬರೀ ಅಕ್ಷರ. ಅವನಿಗೆ ಹೇಗೆ ಹೇಳುವುದು? ಫೋನಿಟ್ಟು ಅಧ್ಯಕ್ಷರ ಕೋಣೆಗೆ ಹೋದೆವು. ವೀರಭದ್ರಯ್ಯನವರು ನನ್ನ ತೋಳು ಹಿಡಿದುಕೊಂಡಿದ್ದರು, ಇಲ್ಲದಿದ್ದರೆ ಕಾರಿಡಾರಿನ ಗಾಳಿಗೆ ಅವರು ಗೋಡೆ ಸೇರುತ್ತಿದ್ದರು. ಉಮಾಪತಿಯವರು ನಮ್ಮನ್ನು ಕೂರಿಸಿ ಕಾಫಿ ತರಿಸಿದರು.

"ವಯಸ್ಸಾದೋರು ಸ್ವಲ್ಪ ದಿನ ಮನೇಲೇ ಇದ್ರೆ ಆಯ್ತಪ್ಪ. ಕಂಪನಿಯವ್ರು ನಿಧಾನಕ್ಕೆ ಸರಿ ಮಾಡ್ತಾರೆ. ಕರಾರು ಆಗಿದೆ, ಮುರಿದ್ರೆ ದಂಡ ನಾವೇ ಕಟ್ಬೇಕು" ಎಂದರು.

"ಆಷಾಢ ಬರ್ತಿದೆ ಸಾರ್" ಎಂದೆ.

"ವರ್ಷವರ್ಷಾನೂ ಬರುತ್ತಲ್ಲಮ್ಮ."

ಮೂರನೆಯ ಬೀದಿಯ ಗೌರಕ್ಕ ಹೋದದ್ದು ಅದರ ಮಾರನೆಯ ದಿನ. ಹಿತ್ತಿಲಲ್ಲಿ ಬಟ್ಟೆ ಒಣಹಾಕಲು ಹೋದವಳು ಮಡಿಲಿನ ಬಟ್ಟನ್ನು ಒಗೆಯುವ ಕಲ್ಲಿನ ಮೇಲೆ ಬಿಚ್ಚಿಟ್ಟಿದ್ದಳಂತೆ. ಸೀರೆಯೊಂದು ಗಾಳಿ ತುಂಬಿಕೊಂಡು ಎದ್ದಿತು, ಅದನ್ನು ಹಿಡಿದಿದ್ದ ಗೌರಕ್ಕನೂ ಎದ್ದಳು. ಮನೆಯವರು ಕೆರೆಯಾಚೆಯ ಹೊಲಗಳನ್ನೆಲ್ಲ ಹುಡುಕಿದರು. ಸೀರೆ ಸಿಕ್ಕಿತು, ಅವಳು ಸಿಗಲಿಲ್ಲ. ನಾನು ಮನೆಗೆ ಓಡಿ ಬಂದು ಅವ್ವನ ಹಗ್ಗದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದೆ. ಆಮೇಲೆ ಸಮಾಧಾನವಾಗದೆ ಇನ್ನೊಂದು ಹಗ್ಗ ತಂದೆ. ಮಲಗುವಾಗ ಅವಳ ಕೈಯನ್ನು ನನ್ನ ಕೈಗೆ ಕಟ್ಟಿಕೊಂಡೆ. ಅವ್ವ ಹೋದರೆ ನನಗೆ ಈ ಭೂಮಿಯ ಮೇಲೆ ಬೇರೆ ಯಾರೂ ಇರಲಿಲ್ಲ.

ಗೌರಕ್ಕ ಹೋದ ಮೇಲೆ ಉಮಾಪತಿಯವರಿಗೂ ಹೆದರಿಕೆಯಾಯಿತು. ನನ್ನನ್ನು ಕರೆಸಿದರು. ಅಕ್ಷರ ತಿದ್ದುವ ಕೆಲಸಕ್ಕೆ ಬೇರೆಯಾಗಿ ತೆಗೆದುಕೊಳ್ಳಬಹುದು, ಆದರೆ ಹೊಸ ಖರ್ಚು ಸಾಧ್ಯವಿಲ್ಲ, ಇರುವ ಹೆಡ್ಡಿನಲ್ಲೇ ಎಲ್ಲಾದರೂ ಉಳಿದಿದ್ದರೆ ನೋಡಿ ಎಂದರು. ವೀರಭದ್ರಯ್ಯನವರು ಬಜೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಹಾಳೆ ತಿರುವಿದರು. ನಾಯಿಗಳ ಹಣ ಮುಗಿದಿತ್ತು. ಬೀದಿದೀಪವನ್ನೂ ಇನ್ಯಾವುದೋ ಕಂಪನಿಗೆ ಕೊಟ್ಟಾಗಿತ್ತು. ಚರಂಡಿ, ಪಾರ್ಕು, ಸೊಳ್ಳೆ ಔಷಧ, ಎಲ್ಲ ಖಾಲಿ. ಒಂದು ಹಾಳೆಯಲ್ಲಿ ಅವರ ಬೆರಳು ನಿಂತಿತು. ಅವರು ಬೇಗನೆ ಹಾಳೆ ತಿರುವಲು ಹೋದರು. ನಾನು ಕೈ ಅಡ್ಡ ಇಟ್ಟೆ.

ವಾರಸುದಾರರಿಲ್ಲದ ಶವಗಳ ಅಂತ್ಯಕ್ರಿಯೆ, ಎಂದಿತ್ತು. ವರ್ಷ ವರ್ಷವೂ ಹಣ ಇಡುತ್ತಿದ್ದರು. ನಮ್ಮೂರಿನಲ್ಲಿ ಯಾರೂ ಹಾಗೆ ಸತ್ತಿರಲಿಲ್ಲ, ಸಾಯುವವನಿಗೆ ದೂರದ ಷಡ್ಡಕನಾದರೂ ಸಿಗುತ್ತಿದ್ದ. ಹಣ ಮುಟ್ಟದೆ ಉಳಿದಿತ್ತು.

"ಬ್ಯಾಡ ಕಣಮ್ಮ" ಎಂದರು ವೀರಭದ್ರಯ್ಯನವರು. "ನಾಯಿ, ದೀಪ ಅಂದ್ರೆ ಏನೋ ಒಂಥರಾ. ಇದು ಹೆಣದ ವಿಷ್ಯ. ನಿಂಗೇನಾದ್ರೂ ಆದ್ರೆ ನಿಮ್ಮವ್ವಂಗೆ ನಾನೇನ್ ಹೇಳ್ಲಿ?"

"ಸಾಯ್ತೀನಾ?"

"ನಂಗೇನ್ ಗೊತ್ತು? ಈ ಹೆಡ್ಡಲ್ಲಿ ಇವತ್ತಿನವರ್ಗೂ ಯಾರೂ ಸಂಬ್ಳ ತಗೊಂಡಿಲ್ಲ."

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಹಗ್ಗದ ಮೇಲೆ ಕೈಯಾಡಿಸುತ್ತ ಕೇಳಿಸಿಕೊಂಡಳು. "ಹೆಣದ ದುಡ್ಡು ತರ್ಬ್ಯಾಡ ಮನೇಗೆ" ಎಂದಳು. "ನಾನು ಮುದ್ಕಿ. ಹಾರೋದ್ರೆ ಹಾರೋಯ್ತೀನಿ. ಹಾರ್ಕೊಂಡು ಹೋಗೋ ಸಾವು ಯಾರಿಗ್ ಸಿಕ್ಕಾತು."

"ನಂಗೆ ನೀನಿರ್ಬೇಕು."

"ನೀನ್ ಸತ್ಹೋಗಿ ನಾನಿದ್ದು ಏನ್ ಮಾಡ್ಲಿ?"

ಅವಳು ಅಳುವವಳಲ್ಲ. ಅವತ್ತು ಅತ್ತಳು, ಕಣ್ಣೀರಿಗೆ ಮಾತ್ರ ಭಾರ ಇತ್ತು, ನೆಲದ ಮೇಲೆ ಟಪ್ ಟಪ್ ಎಂದು ಬಿತ್ತು. ನಾನು ನಿರ್ಧಾರ ಮಾಡಿಬಿಟ್ಟೆ. ಹೆದರಿಕೆ ಇರಲಿಲ್ಲವೆಂದಲ್ಲ. ಬೆಳಗಿನ ತನಕ ನನ್ನ ಕೈ ನಾನೇ ಮುಟ್ಟಿ ನೋಡಿಕೊಂಡೆ, ಬೆಚ್ಚಗಿದೆಯಾ ಎಂದು. ಮೈ ಕೊಳೆತ ವಾಸನೆ ಬರಬಹುದು, ಕಾಗೆಗಳು ಹಿಂದೆ ಬೀಳಬಹುದು, ಉಸಿರು ನಿಂತೂ ನಡೆದಾಡಬೇಕಾಗಬಹುದು. ಏನೇನು ಆಗಬಹುದೋ ಎಲ್ಲವನ್ನೂ ಯೋಚಿಸಿದೆ. ಯಾವುದಾದರೂ ಆಗಲಿ, ಅವ್ವ ನೆಲದ ಮೇಲೆ ಇರುತ್ತಾಳಲ್ಲ ಎಂದುಕೊಂಡೆ.

ಆಷಾಢದ ಮೊದಲ ಸೋಮವಾರ ಸಭೆ ಸೇರಿತು. ಅವತ್ತೇ ಬೆಳಿಗ್ಗೆ ಕಂಪನಿಯ ಕಾಪಿ ಬಂದು ಕೂತಿತ್ತು, ಗಾಳಿಯೂ ಶುರುವಾಗಿತ್ತು. ಸದಸ್ಯರಲ್ಲಿ ಅರ್ಧ ಜನ ಮೇಜಿನ ಕಾಲುಗಳನ್ನು ಅಪ್ಪಿಕೊಂಡು ಕೂತಿದ್ದರು. ಯಾರೂ ಚರ್ಚೆ ಮಾಡಲಿಲ್ಲ. ವೀರಭದ್ರಯ್ಯನವರು ಠರಾವು ಓದಿದರು, ಕೈಗಳು ಎದ್ದವು, ಒಂದಿಬ್ಬರು ಕೈಯ ಜೊತೆಗೆ ತಾವೂ ಎದ್ದು ಪಕ್ಕದವರ ಕೈಯಲ್ಲಿ ಸಿಕ್ಕಿಕೊಂಡರು. ನನ್ನ ಹೆಸರು ಆ ಹೆಡ್ಡಿನ ಪಟ್ಟಿಗೆ ಸೇರಿದ ಗಳಿಗೆಯಲ್ಲಿ ನಾನು ಕಣ್ಣು ಮುಚ್ಚಿಕೊಂಡೆ. ಏನೂ ಆಗಲಿಲ್ಲ. ಉಸಿರಾಡುತ್ತಿದ್ದೆ. ಕೈ ಬೆಚ್ಚಗಿತ್ತು. ಕಿಟಕಿಯ ಮೇಲೆ ಕಾಗೆಯೂ ಇರಲಿಲ್ಲ. ಮೆಟ್ಟಿಲ ಕೆಳಗಿನ ಕೋಣೆಗೆ ಓಡಿದೆ.

ಮೊದಲು ಹುಡುಕಿದ್ದು ಅವ್ವನ ಹೆಸರು. ಮ-ಒತ್ತು ಹಚ್ಚಿದೆ. ನಿಂತಿತು. ಕ-ಒತ್ತು ಹಚ್ಚಿದೆ, ನಿಂತಿತು. ಬೊಮ್ಮಕ್ಕ. ಆಮೇಲೆ ವೀರಭದ್ರಯ್ಯ, ಮೇಲಿನ ಕೋಣೆಯಲ್ಲಿ ಕುರ್ಚಿ ಕಿರುಗುಟ್ಟಿದ್ದು ನನಗೇ ಕೇಳಿಸಿತು. ಪಾಪಣ್ಣ, ಕಲ್ಲಪ್ಪ. ಗೌರಕ್ಕನ ಹೆಸರಿಗೂ ಒತ್ತು ಹಚ್ಚಿದೆ. ಎಲ್ಲಿ ತೇಲುತ್ತಿದ್ದಳೋ, ಹುಲ್ಲಿನ ಮೇಲೆ ಬೀಳಲಿ ಎಂದು ಬೇಡಿಕೊಂಡೆ. ಬೆರಳು ನೋಯುವ ತನಕ ಹಚ್ಚಿದೆ. ಹೊರಗೆ ಬೀದಿಯಲ್ಲಿ ಜೇಬಿನ ಜಲ್ಲಿ ಸುರಿಯುವ ಸದ್ದು, ನಗುವ ಸದ್ದು ಕೇಳುತ್ತಿತ್ತು. ಸಂಜೆಯ ಹೊತ್ತಿಗೆ ಕೊನೆಯ ಹೆಸರು ಮುಗಿಯಿತು.

ಹೊರಡುವಾಗ ವೀರಭದ್ರಯ್ಯನವರು ಮೆಟ್ಟಿಲಿಳಿದು ಬರುತ್ತಿದ್ದರು. ಒಂದೊಂದು ಮೆಟ್ಟಿಲನ್ನೂ ಬೇಕೆಂದೇ ದಬದಬ ತುಳಿಯುತ್ತಿದ್ದರು. "ಕೆಲ್ಸ ಮುಗೀತಾ ಮೇಡಂ?" ಎಂದರು. ಮುಗಿಯಿತು ಎಂದೆ. ನನ್ನನ್ನು ಯಾವತ್ತೂ ಕಣಮ್ಮ ಎನ್ನದೆ ಮಾತಾಡಿಸಿದವರಲ್ಲ. ಇವತ್ತು ಯಾಕೋ ಗೌರವ ಜಾಸ್ತಿಯಾಗಿದೆ ಎಂದುಕೊಂಡು ನಡೆದೆ. ಅವ್ವನನ್ನು ನೋಡುವ ಆತುರದಲ್ಲಿ ಬೇರೇನೂ ತಲೆಗೆ ಹೋಗಲಿಲ್ಲ.

ದೂರದಿಂದಲೇ ಕಂಡಳು. ಗಾಳಿ ಮರಗಳನ್ನು ಬಗ್ಗಿಸಿ ಬಗ್ಗಿಸಿ ಹೊಡೆಯುತ್ತಿತ್ತು, ಅವ್ವ ಜಗುಲಿಯ ಮೇಲೆ ಎರಡೂ ಕಾಲು ಊರಿ, ಒರಳಿನ ಹಿಡಿಯ ಮೇಲೆ ಇಡೀ ಮೈಭಾರ ಬಿಟ್ಟು ಒತ್ತುತ್ತಿದ್ದಳು. ಎಳೆಗಳು ಸಣ್ಣಗೆ, ಬೆಳ್ಳಗೆ ಇಳಿಯುತ್ತಿದ್ದವು. ನಾನು ಸಂತೋಷದಿಂದ ಓಡಿದೆ. ಪಕ್ಕದ ಮನೆಯವಳು ತಟ್ಟೆ ಹಿಡಿದುಕೊಂಡು ನಿಂತಿದ್ದಳು. ಅವಳಿಗೆ ಅವ್ವ ಹೇಳುತ್ತಿದ್ದಳು: "ಯಾರ್ ಮಾಡಿದ್ ಕೆಲ್ಸವೋ ಕಾಣೆ, ನನ್ನ ಕಂಬಕ್ ಕಟ್ಟಾಕಿ ಹೋಗವ್ರೆ. ಎರಡೆರಡು ಹಗ್ಗ. ಒಂಟಿ ಹೆಂಗ್ಸು ಅಂತ ತಮಾಸೆ ಮಾಡ್ತಾರೆ."

"ಅವ್ವಾ" ಎಂದೆ.

"ಬಾರವ್ವ, ಕುಂತ್ಕೊ" ಎಂದಳು. ಅವಳನ್ನು ಊರಿನ ಅರ್ಧ ಜನ ಅವ್ವ ಎಂದೇ ಕರೆಯುತ್ತಾರೆ, ಅವಳೂ ಬಂದ ಹೆಂಗಸರನ್ನೆಲ್ಲ ಹಾಗೆಯೇ ಕರೆಯುತ್ತಾಳೆ. ಆದರೆ ನನ್ನನ್ನು ಯಾವತ್ತೂ ಕುಂತ್ಕೊ ಎಂದವಳಲ್ಲ. ಬಂದ ತಕ್ಷಣ ಕಾಯಿ ತುರಿ ಎನ್ನುವವಳು. ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ದೂರದಿಂದ ಬಂದ ಗಿರಾಕಿಯನ್ನು ನೋಡುವ ಮರ್ಯಾದೆಯ ನೋಟ ಅದು. "ಯಾವೂರಾಯ್ತವ್ವ? ಹೊಸಬ್ರಂಗ್ ಕಾಣ್ತೀಯ" ಎಂದಳು.

ಆಗ ತಿಳಿಯಿತು. ಹೆಡ್ಡಿನಲ್ಲಿದ್ದ ಶವ ಎಂಬ ಒಂದು ಮಾತಿಗೆ ನಾವೆಲ್ಲ ಹೆದರಿಕೊಂಡಿದ್ದೆವು. ಅದು ನನ್ನನ್ನು ಮುಟ್ಟಲೇ ಇಲ್ಲ. ಹಿಡಿದದ್ದು ಅದರ ಹಿಂದಿದ್ದ ಮಾತು, ವಾರಸುದಾರರಿಲ್ಲದ ಎಂಬುದು. ನನ್ನವರು ಎನ್ನುವವರು ಈ ಊರಿನಲ್ಲಿ ಈಗ ಯಾರೂ ಇಲ್ಲ.

ಪಕ್ಕದ ಮನೆಯವಳು ತಟ್ಟೆ ತೆಗೆದುಕೊಂಡು, ನನ್ನ ಮುಖವನ್ನು ಸುಮ್ಮನೆ ಒಮ್ಮೆ ನೋಡಿ ಹೋದಳು. ನಾನು ಜಗುಲಿಯ ಅಂಚಿನಲ್ಲಿ ಕೂತೆ. ನಾಳೆಯೇ ಹೋಗಿ ಪಟ್ಟಿಯಿಂದ ಹೆಸರು ತೆಗೆಸಿಕೊಂಡರೆ ಮತ್ತೆ ಅವಳ ಮಗಳಾಗಬಹುದು. ಆದರೆ ಮುಂದಿನ ಸೋಮವಾರ ಕಂಪನಿಯ ಕಾಪಿ ಮತ್ತೆ ಬಂದು ಕೂರುತ್ತದೆ, ಅದರ ಮುಂದಿನ ಸೋಮವಾರವೂ ಬರುತ್ತದೆ. ಯಾರಾದರೂ ಕೂತು ಒತ್ತುಗಳನ್ನು ಹಚ್ಚುತ್ತಲೇ ಇರಬೇಕು, ಮತ್ತು ಯಂತ್ರ ಒಪ್ಪುವುದು ನನ್ನ ಕೈಯನ್ನು ಮಾತ್ರ. ಹೆಡ್ಡು ಬದಲಾಯಿಸಿ ಎಂದು ಸಭೆಗೆ ಬರೆದುಕೊಟ್ಟರೆ, ಎಲ್ಲ ಸರಿಯಾಗೇ ನಡೀತಿದೆಯಲ್ಲಮ್ಮ ಎಂದು ಉಮಾಪತಿಯವರು ಕಾಫಿ ತರಿಸುತ್ತಾರೆ. ನನಗೆ ಅಳು ಬಂತು, ತಡೆದುಕೊಳ್ಳಲು ಆಗಲಿಲ್ಲ.

"ಗಾಳಿಗೆ ಕಣ್ಣಿಗೆ ಧೂಳು ಬಿತ್ತೇನೋ" ಎಂದಳು ಅವ್ವ. "ಅಗಾ, ಚೊಂಬಲ್ಲಿ ನೀರೈತೆ, ತೊಳ್ಕೊ."

ತೊಳೆದುಕೊಂಡೆ. ಅವಳು ಒರಳಿನಿಂದ ಇಳಿದ ಶಾವಿಗೆಯನ್ನು ಬೆರಳಲ್ಲಿ ಸುತ್ತಿ ಎತ್ತಿ, ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಇಲ್ಲೇ ತಿಂತೀಯೋ, ಕಟ್ಟಿ ಕೊಡ್ಲೋ?"

"ಇಲ್ಲೇ ತಿಂತೀನಿ" ಎಂದೆ.